ಗಾಡಿಯ ಕೆಳಗಿನ ಮನುಷ್ಯ

ಕೊಟ್ಟೂರು
12 ನವೆಂಬರ್ 2025

ಲೇ ರಹಿಮಾನ್,

ನಿನ್ನ ಹೆಸರು ಬರೆದ ರಟ್ಟಿನ ಪೆಟ್ಟಿಗೆಯೊಂದು ನಾಳೆ ಬೆಳಗಿನ ಹರಪನಹಳ್ಳಿ ಬಸ್ಸಿಗೆ ಬರುತ್ತದೆ. ಡ್ರೈವರ್ ಓಬಳೇಶ್ ನನಗೆ ಬೇಕಾದವನು, ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದಾಗ ಹೊಸದಾಗಿ ಡ್ಯೂಟಿಗೆ ಬಂದಿದ್ದ. ಸೀಟಿನ ಹಿಂದೆ ಇಟ್ಟುಕೊಂಡು ಮೊಟ್ಟೆ ತಂದ ಹಾಗೆ ತಂದು ನಿನ್ನ ತಗಡಿನ ಅಂಗಡಿಗೆ ಮುಟ್ಟಿಸುತ್ತಾನೆ. ಯಾವ ಕಡೆ ಮೇಲು ಎಂದು ಬಾಣದ ಗುರುತು ಹಾಕಿದ್ದೇನೆ, ನೋಡಿ ಬಿಚ್ಚು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ವಾರ ಫೋನ್ ಮಾಡಿದಾಗ ನೀನು "ಫೋನ್ ಮಾಡಬ್ಯಾಡ, ಏನಿದ್ರೂ ಪತ್ರ ಬರಿ" ಎಂದು ಇಟ್ಟೇಬಿಟ್ಟೆ. ಮೊದಲು ಸಿಟ್ಟು ಬಂತು. ಆಮೇಲೆ, ಪಿಯುಸಿ ಮುಗಿದು ನೀನು ತಗಡಿಗೆ, ನಾನು ಬಿ.ಎ.ಗೆ ಹೋದ ಮೇಲೆ ಬರೆದುಕೊಳ್ಳುತ್ತಿದ್ದ ಪತ್ರಗಳು ನೆನಪಾದವು. ವಯಸ್ಸಾದಂತೆ ನಿನಗೂ ಹಳೆಯ ಚಟ ಬೇಕಾಗಿದೆ ಎಂದುಕೊಂಡೆ. ವೆರಿ ಗುಡ್. ನನ್ನ ಮೊಣಕಾಲು ಹೇಗೂ ನಿಮ್ಮೂರಿನ ತನಕ ಬಸ್ಸಿನಲ್ಲಿ ಮಡಚಿಕೊಂಡು ಕೂರಲು ಒಪ್ಪುತ್ತಿಲ್ಲ.

ಈಗ ಪೆಟ್ಟಿಗೆಯ ವಿಷಯ. ಹೋದ ವರ್ಷದ್ದು ಶಿವಲೀಲಾ ಇಲ್ಲದ ಮೊದಲ ದೀಪಾವಳಿ. ಪಾಡ್ಯದ ದಿನ ನಮ್ಮಲ್ಲಿ ಹೆಂಗಸರು ಸಗಣಿಯಿಂದ ಪಾಂಡವರನ್ನು ಮಾಡಿ, ತಲೆಗೆ ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲ ಹತ್ತಿರ ಕೂರಿಸುತ್ತಾರಲ್ಲ, ಮೂವತ್ತೆಂಟು ವರ್ಷ ಅವಳು ಮಾಡಿದ್ದನ್ನು ನಾನು ದಾಟಿಕೊಂಡು ಓಡಾಡಿದ್ದೆ. ಒಂದು ಸಲವೂ ಕೂತು ನೋಡಿರಲಿಲ್ಲ. ಆ ದಿನ ನಾನೇ ಮಾಡಲು ಕೂತೆ. ಸಗಣಿ ಎಷ್ಟು ಗಟ್ಟಿ ಇರಬೇಕೆಂದು ಗೊತ್ತಿಲ್ಲ. ಐದೂ ಜನ ಒಬ್ಬರ ಹಿಂದೊಬ್ಬರು ಒರಗಿದರು. ಎತ್ತಿ ಕೂರಿಸಿದೆ, ಮತ್ತೆ ಒರಗಿದರು. ಕೊನೆಗೆ ಮಲಗಿದವರ ತಲೆಗೇ ಹೂವಿಟ್ಟೆ. ಪಕ್ಕದ ಮನೆಯ ಗಾಳೆಮ್ಮ ಆರತಿ ತಟ್ಟೆ ಹಿಡಿದುಕೊಂಡು ಬಂದವಳು ಮೆಟ್ಟಿಲ ಮೇಲೇ ನಿಂತಳು. "ಇದೇನ್ರಿ ಅಣ್ಣಾರ, ಹಬ್ಬದ ದಿನ ಹೆಣ ಇಟ್ಟೀರಲ್ಲ" ಎಂದಳು. ಅವಳು ಅಂದ ಮೇಲೆ ನೋಡಿದೆ. ಹೌದು, ಹೆಣಗಳೇ. ತೆಗೆಯಲು ಮನಸ್ಸಾಗಲಿಲ್ಲ.

ಅಲ್ಲಿಂದ ಹತ್ತಿದ ಹುಚ್ಚು. ಕೆರೆಯ ಮಣ್ಣು, ರಟ್ಟು, ಎಣ್ಣೆ ಡಬ್ಬದ ತಗಡು. ಪೇಪರಿನಲ್ಲಿ ಬರುವ ಯುದ್ಧದ ಫೋಟೋ ನೋಡಿ ಮಾಡುತ್ತೇನೆ. ಕುಸಿದ ಆಸ್ಪತ್ರೆ, ರೊಟ್ಟಿಗಾಗಿ ಸಾಲು ನಿಂತಿದ್ದ ಜಾಗ, ಶಾಲೆಯ ಮೆಟ್ಟಿಲು. ಮನುಷ್ಯರು ಹೆಬ್ಬೆರಳಿನಷ್ಟು. ಆರು ಪೆಟ್ಟಿಗೆಗಳನ್ನು ಅಡುಗೆಮನೆಯ ಗೂಡುಗಳಲ್ಲಿ, ಶಿವಲೀಲಾಳ ಡಬ್ಬಗಳಿದ್ದ ಕಡೆ ಇಟ್ಟಿದ್ದೇನೆ. ಮಧ್ಯಾಹ್ನ ಉಣ್ಣಲು ಕೂತರೆ ಒಂಥರಾ ಆಗುತ್ತದೆ. ಅಷ್ಟು ಜನ ಇದ್ದೂ ಯಾರೂ ನನ್ನ ಕಡೆ ನೋಡುವುದಿಲ್ಲ.

ನಿನಗೆ ಕಳಿಸಿದ್ದು ಏಳನೆಯದು, ದಿ ಬೆಸ್ಟ್. ಬಾಂಬ್ ಬಿದ್ದ ಗ್ಯಾರೇಜು. ಜಾಕ್ ಕೊಟ್ಟು ಎತ್ತಿದ ಜೀಪು, ಅದರ ಕೆಳಗೆ ಒಬ್ಬ ಮೆಕ್ಯಾನಿಕ್. ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತವೆ. ಮುಖ ಮಾಡಲು ನನಗೆ ಬರುವುದಿಲ್ಲ, ಅದಕ್ಕೆ ಹಾಗೆ. ಒಡೆದ ಕಿಟಕಿಯ ಗಾಜಿಗೆ ಶಿವಲೀಲಾಳ ಹಸಿರು ಬಳೆಗಳನ್ನು ಒಡೆದು ಹಾಕಿದ್ದೇನೆ. ಮುತ್ತೈದೆಯಾಗಿ ಹೋದವಳು, ಅವಳ ಬಳೆ ಒಡೆಯುವ ಪ್ರಸಂಗವೇ ಬಂದಿರಲಿಲ್ಲ.

ಫೆಬ್ರುವರಿ ಒಂದಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಹವ್ಯಾಸಿ ಕಲಾವಿದರ ಪ್ರದರ್ಶನವಿದೆ. ಆರಿಸುವವನು ಹಡಗಲಿಯ ಡ್ರಾಯಿಂಗ್ ಮಾಸ್ತರ ಗಂಗಾಧರ. ಮನೆಗೇ ಬಂದು ಏಳನ್ನೂ ನೋಡಿದ. "ಇದು ಕಲಾ ಅಲ್ರಿ ಸರ, ಪಂಚನಾಮಿ" ಎಂದ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನಮ್ಮ ಇಂಗ್ಲಿಷ್ ಲೆಕ್ಚರರು ಒಂದು ಹೇಳುತ್ತಿದ್ದರಲ್ಲ, ದಿ ಪರ್ಪಸ್ ಆಫ್ ಆರ್ಟ್ ಈಸ್ ಟು... ಮುಂದಿನದು ಮರೆತಿದೆ. ಅದು ನೆನಪಿದ್ದಿದ್ದರೆ ಅವನ ಬಾಯಿ ಮುಚ್ಚಿಸುತ್ತಿದ್ದೆ.

ನೀನು ಮೂವತ್ತು ವರ್ಷದಿಂದ ಮೊಹರಂಗೆ ಬಿದಿರು, ಬಣ್ಣದ ಕಾಗದದಲ್ಲಿ ಡೋಲಿ ಕಟ್ಟುವವನು. ಅದೂ ಯುದ್ಧದಲ್ಲಿ ಮಡಿದವರ ಗೋರಿಯೇ. ಆದ್ದರಿಂದ ನೀನು ಹೇಳು, ಇದು ಕಲೆ ಹೌದೋ ಅಲ್ಲವೋ. ಫ್ರಾಂಕ್ ಒಪೀನಿಯನ್ ಬೇಕು. ನಿನ್ನ ಮನೆಯಾಕೆ, ನನಗೆ ತಂಗಿಯಂಥ ಮುನ್ನೀ ಬೀಗೂ ಮಗಳು ಅಫ್ರೀನಳಿಗೂ ತೋರಿಸು. ಮಗ ತೌಹೀದ ಹೊಸಪೇಟೆಯಲ್ಲೇ ಇದ್ದಾನೆ ತಾನೇ? ಗಾಡಿ ಕೆಲಸ ಬಲ್ಲವನು, ಬಂದಾಗ ಅವನಿಗೆ ತಪ್ಪದೆ ತೋರಿಸು.

ನಿನ್ನ
ಪಾಲಾಕ್ಷಪ್ಪ


ಹರಪನಹಳ್ಳಿ
16 ನವೆಂಬರ್ 2025

ಪಾಲಾಕ್ಷಪ್ಪನಿಗೆ ಸಲಾಂ.

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕುವುದಿಲ್ಲವೆಂದು ಗೊತ್ತಿರುವುದರಿಂದಲೇ ಬರೆಯಲು ಆಗುತ್ತಿದೆ.

ತೌಹೀದ ಹೊಸಪೇಟೆಯಲ್ಲಿ ಇಲ್ಲ. ಹೊರಗೆ ಕೆಲಸಕ್ಕೆ ಹೋಗಿದ್ದಾನೆ ಎಂದು ನಾನು ಹೇಳಿದ್ದನ್ನು ನೀನು ಹೊಸಪೇಟೆ ಎಂದುಕೊಂಡೆ. ನಾನು ತಿದ್ದಲಿಲ್ಲ. ಅವನು ಜೂನ್ ತಿಂಗಳಲ್ಲಿ ಏಜೆಂಟನೊಬ್ಬನ ಮೂಲಕ ಹೊರದೇಶಕ್ಕೆ ಹೋದ. ಕಂಪನಿಯವರು ಅಲ್ಲಿಂದ ಇನ್ನೊಂದು ಊರಿನ ಗ್ಯಾರೇಜಿಗೆ ಕಳಿಸಿದರು. ಆ ಊರಿನ ಹೆಸರು ಈಗ ದಿನಾ ಟಿ.ವಿ.ಯಲ್ಲಿ ಬರುತ್ತದೆ. ಬರೆಯಲು ನನಗೆ ಕೈ ಬರುವುದಿಲ್ಲ. ಅಕ್ಟೋಬರ್ 28ರ ಬೆಳಗ್ಗೆ ಮಾತಾಡಿದ್ದೇ ಕೊನೆ. ಇವತ್ತಿಗೆ ಹತ್ತೊಂಬತ್ತು ದಿನ. ಅವನಿಗೆ ಬಾಯಿಪಾಠ ಇರುವುದು ನನ್ನದೊಂದೇ ನಂಬರು. ಅದಕ್ಕೇ ನಿನಗೆ ಫೋನ್ ಮಾಡಬೇಡ ಎಂದೆ. ಅವನು ಮಾಡುವ ಹೊತ್ತಿಗೆ ಸರಿಯಾಗಿ ನೀನು ನಿನ್ನ ಮೊಣಕಾಲಿನ ಕಥೆ ಹೇಳುತ್ತಿದ್ದರೆ?

ಯಾರಿಗೂ ಹೇಳಿಲ್ಲ. ಹೇಳಿದರೆ ಮನೆಗೆ ಬಂದು ಸಮಾಧಾನ ಮಾಡುತ್ತಾರೆ. ಸಮಾಧಾನ ಮಾಡಿಸಿಕೊಂಡರೆ ಅವನು ಹೋದ ಎಂದು ಒಪ್ಪಿದ ಹಾಗೆ.

ನಿನ್ನ ಪೆಟ್ಟಿಗೆಯನ್ನು ಅಫ್ರೀನ್ ಮಂಚದ ಮೇಲಿಟ್ಟು ಬಿಚ್ಚಿದಳು. ಅವಳು ಮುಚ್ಚುವಷ್ಟರಲ್ಲಿ ಮುನ್ನೀ ಬೀ ಬಂದುಬಿಟ್ಟಳು. ಬಗ್ಗಿ ಆ ಕಾಲುಗಳನ್ನು ಬಹಳ ಹೊತ್ತು ನೋಡಿದಳು. ಯಾರು ಕಳಿಸಿದ್ದು ಎಂದು ಕೇಳಿದಳು. ನಮ್ಮ ಪಾಲಾಕ್ಷಪ್ಪ ಎಂದೆ.

"ಅವರಿಗೆ ಹ್ಯಾಂಗ ಗೊತ್ತಾತು?" ಎಂದಳು.

ನೀನೇ ಹೇಳು. ನಿನಗೆ ಹೇಗೆ ಗೊತ್ತಾಯಿತು?

ರಹಿಮಾನ್


ಹರಪನಹಳ್ಳಿ
17 ನವೆಂಬರ್ 2025

ಪಾಲಾಕ್ಷಪ್ಪನಿಗೆ ಸಲಾಂ.

ಪೆಟ್ಟಿಗೆ ಮುಟ್ಟಿತು. ಏನೂ ಮುರಿದಿಲ್ಲ. ಜೀಪಿನ ತಗಡು ಕೆಲಸ ಚೊಕ್ಕವಾಗಿದೆ. ಸ್ವಲ್ಪ ದಿನ ಇಲ್ಲೇ ಇರಲಿ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ, ಹೆಚ್ಚು ಬರೆಯಲಾಗುತ್ತಿಲ್ಲ. ಫೋನ್ ಮಾಡಬೇಡ.

ರಹಿಮಾನ್


ಕೊಟ್ಟೂರು
30 ನವೆಂಬರ್ 2025

ರಹಿಮಾನ್,

ನಿನ್ನ ಕಾರ್ಡು ಬಂತು. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಮೈಲಾರದ ಬಸ್ಸಿನ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಹೇಳುತ್ತಿದ್ದೆ. ತಗಡು ಕೆಲಸ ಚೊಕ್ಕವಾಗಿದೆಯಂತೆ. ತಗಡು ನೋಡು ಎಂದು ಕಳಿಸಿದ್ದೆನೇ?

ನಾನು ಹತ್ತು ದಿನ ಯೋಚನೆ ಮಾಡಿದ್ದೇನೆ. ನಿನಗದು ಹಿಡಿಸಿಲ್ಲ. ಮುಖದ ಮೇಲೆ ಹೇಳಲು ಸ್ನೇಹ ಅಡ್ಡ ಬರುತ್ತಿದೆ. ಅಥವಾ ಮನುಷ್ಯನ ರೂಪ ಮಾಡುವುದು ನಿಮ್ಮಲ್ಲಿ ಸರಿಯಲ್ಲ ಎಂದೋ? ಹಾಗಿದ್ದರೆ ಬಾಯಿಬಿಟ್ಟು ಹೇಳು, ನಾನು ಬೇಸರ ಮಾಡಿಕೊಳ್ಳುವವನಲ್ಲ. ಸೈಲೆನ್ಸ್ ಮಾತ್ರ ಬೇಡ. ಅದು ಈ ಮನೆಯಲ್ಲಿ ಬೇಕಾದಷ್ಟಿದೆ.

ಗಂಗಾಧರ ಕೂಡ್ಲಿಗಿಗೆ ಹೋಗುತ್ತಾ ಮೊನ್ನೆ ಮತ್ತೆ ಬಂದಿದ್ದ. ನೋಡಿದವರು ಮನೆಗೆ ಹೋಗಿ ಉಣ್ಣಬೇಕಲ್ಲ ಎಂಬುದು ಅವನ ವಾದ. ನಾನು ಬಿಡಲಿಲ್ಲ. ಗುಡಿಯ ಗೋಡೆಯ ಮೇಲೆ ರಾಕ್ಷಸನ ಕರುಳು ಬಗೆದ ಶಿಲ್ಪ ನೋಡಿ ಯಾರು ಊಟ ಬಿಟ್ಟಿದ್ದಾರೆ ಎಂದೆ. ಅವನು, "ಅಲ್ಲಿ ದೇವ್ರು ಗೆದ್ದಿರ್ತಾನ್ರಿ ಸರ. ನಿಮ್ಮ ಪೆಟಿಗ್ಯಾಗ ಗೆದ್ದೋನು ಯಾರು?" ಎಂದು ಕೇಳಿದ. ಯಾರೂ ಇಲ್ಲ ಎಂದೆ. ಹಾಗಾದರೆ ಯಾಕೆ ತೋರಿಸುತ್ತೀರಿ ಎಂದ. ದಟ್ ಈಸ್ ದಿ ಪಾಯಿಂಟ್ ಎಂದೆ. ಆ ಪಾಯಿಂಟ್ ಯಾವುದೆಂದು ಅವನೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಎದ್ದು ಹೋಗುವಾಗ ಮಾತ್ರ ಗೂಡಿನ ಖಾಲಿ ಜಾಗ ತೋರಿಸಿ, ಆ ಕಾಲಿನದು ಎಲ್ಲಿ ಹೋಯಿತು ಎಂದು ವಿಚಾರಿಸಿದ.

ಇನ್ನೊಂದು ವಿಚಿತ್ರ. ಕಳಿಸುವ ಮೊದಲು ಗಾಳೆಮ್ಮ ಆ ಗ್ಯಾರೇಜು ನೋಡಿ, "ಈ ನೆಲ ನಿಮ್ಮ ಅಡಿಗಿ ಮನೀದಲ್ಲೇನ್ರಿ?" ಎಂದಿದ್ದಳು. ಕೆಂಪು ಗಾರೆ, ಸುತ್ತ ಕಪ್ಪು ಪಟ್ಟಿ. ಪೇಪರಿನ ಫೋಟೋದಲ್ಲಿ ನೆಲವೇ ಕಾಣುತ್ತಿರಲಿಲ್ಲ. ಯಾವಾಗ ಹಾಗೆ ಬಳಿದೆನೋ ನನಗೆ ತಿಳಿಯದು. ಮಿಕ್ಕ ಆರನ್ನೂ ತೆಗೆದು ನೋಡಿದೆ. ಆಸ್ಪತ್ರೆಯದೂ ಅದೇ ನೆಲ. ಶಾಲೆಯದೂ ಅದೇ.

ಇರಲಿ. ನನಗೆ ಈಗ ಅನ್ನಿಸುವುದೇನೆಂದರೆ, ನಿನ್ನನ್ನು ಅಲ್ಲಾಡಿಸುವಷ್ಟು ಅದರಲ್ಲಿ ಹೆದರಿಕೆ ಸಾಲಲಿಲ್ಲ. ಪೆಟ್ಟಿಗೆ ವಾಪಸ್ ಕಳಿಸು. ಜೀಪಿನ ಕೆಳಗಿನಿಂದ ಒಂದು ಕೈ ಹೊರಗೆ ಚಾಚಿದ ಹಾಗೆ ಮಾಡಿ, ಬೆರಳಿಗೆ ಕೆಂಪು ಹಚ್ಚುತ್ತೇನೆ. ಆಗ ನೋಡು.

ತೌಹೀದನ ಅಭಿಪ್ರಾಯ ಬರೆಯಲೇ ಇಲ್ಲ ನೀನು.

ಪಾಲಾಕ್ಷಪ್ಪ


ಕೊಟ್ಟೂರು
20 ಡಿಸೆಂಬರ್ 2025

ರಹಿಮಾನ್,

ಇಪ್ಪತ್ತು ದಿನವಾಯಿತು, ಉತ್ತರವಿಲ್ಲ. ಸಿಟ್ಟಿನಿಂದ ನಿನ್ನೆ ಓಬಳೇಶನಿಗೆ, ಅಂಗಡಿಗೆ ಹೋಗಿ ಪೆಟ್ಟಿಗೆ ಇಸಿದುಕೊಂಡು ಬಾ ಎಂದೆ. ಅಂಗಡಿ ಮುಚ್ಚಿತ್ತಂತೆ. ಕೆಲಸ ಜಾಸ್ತಿ ಎಂದು ಬರೆದಿದ್ದೆಯಲ್ಲ? ಕೇಳಿಕೊಂಡು ನಿಮ್ಮ ಮನೆಗೆ ಹೋಗಿದ್ದಾನೆ. ಬರಿಗೈಲಿ ಬಂದ.

ಅವನು ಮಾತು ತಿರುಚುವವನಲ್ಲ. ಬಾಗಿಲಿಗೆ ಬಂದದ್ದು ಮುನ್ನೀ ಬೀ. ಪೆಟ್ಟಿಗೆ ಕಿಟಕಿಯ ಹತ್ತಿರ ಬಿಸಿಲಿಗೆ ಇತ್ತಂತೆ, ಕಾಲುಗಳ ಮೇಲೆ ಚೂರು ಬಟ್ಟೆ ಹೊದಿಸಿತ್ತಂತೆ. ಪೆಟ್ಟಿಗೆ ಕೊಡಿರಮ್ಮ ಎಂದು ಕೇಳಿದರೆ ತಂಗಿ ಹೇಳಿದ್ದು ಇದು: "ಅವನು ಇನ್ನಾ ಎದ್ದಿಲ್ಲಪ್ಪಾ. ಎದ್ದ ಮ್ಯಾಲೆ ಕೊಡ್ತೀನಿ."

ಓಬಳೇಶ್ ಇಷ್ಟು ಹೇಳಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ರಹಿಮಾನ್, ಯಾರು ಇನ್ನೂ ಎದ್ದಿಲ್ಲ? ನಾನೇನು ಕಳಿಸಿದೆ ನಿನ್ನ ಮನೆಗೆ?

ಪಾಲಾಕ್ಷಪ್ಪ


ಹರಪನಹಳ್ಳಿ
24 ಡಿಸೆಂಬರ್ 2025

ಪಾಲಾಕ್ಷಪ್ಪನಿಗೆ ಸಲಾಂ.

ಇದರೊಂದಿಗೆ ನವೆಂಬರ್ 16ರಂದು ಬರೆದು ಹಾಕದೆ ಇಟ್ಟ ಪತ್ರವಿದೆ. ಮೊದಲು ಅದನ್ನು ಓದು. ಅದರಲ್ಲಿ ಹತ್ತೊಂಬತ್ತು ಎಂದು ಇರುವಲ್ಲಿ ಈಗ ಐವತ್ತೇಳು ಎಂದು ಓದಿಕೋ. ಬೇರೆ ಏನೂ ಬದಲಾಗಿಲ್ಲ.

ಕಂಪನಿಯ ನಂಬರಿಗೆ ಹೊಡೆದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಏಜೆಂಟ್ ಮೊದಮೊದಲು ಮಾತಾಡುತ್ತಿದ್ದ. ನಾನು ಅಂಗಡಿಯ ಬಾಗಿಲು ತೆಗೆಯದೆ ತಿಂಗಳಾಯಿತು. ಸುತ್ತಿಗೆಯ ಸದ್ದಿನಲ್ಲಿ ಫೋನ್ ಕೇಳಿಸದೆ ಹೋದರೆ ಎಂದು.

ಮುನ್ನೀ ಬೀ ಬೆಳಗ್ಗೆ ಎದ್ದು ಪೆಟ್ಟಿಗೆಯನ್ನು ಕಿಟಕಿಗೆ ಇಡುತ್ತಾಳೆ. ಚಳಿ ಎಂದು ಆ ಕಾಲುಗಳಿಗೆ ಬಟ್ಟೆ ಹೊದಿಸಿದ್ದಾಳೆ. ನೀನು ಹಾಕಿದ ಬಳೆ ಚೂರುಗಳನ್ನು ಕಾಲಿನ ಹತ್ತಿರದಿಂದ ಒಂದೊಂದಾಗಿ ಆರಿಸಿ ತೆಗೆದಳು. "ಬರಿಗಾಲಾಗ ಏಳ್ತಾನ" ಎನ್ನುತ್ತಾಳೆ. ತಲೆ ಕೆಟ್ಟಿದೆ ಎಂದು ತಿಳಿಯಬೇಡ. ಅಡುಗೆ ಮಾಡುತ್ತಾಳೆ, ನಮಾಜು ಮಾಡುತ್ತಾಳೆ, ಅಫ್ರೀನಳ ತಲೆ ಬಾಚುತ್ತಾಳೆ. ಇದೊಂದು ಬಿಟ್ಟು.

ನೀನು ಕಲೆಯೋ ಅಲ್ಲವೋ ಎಂದು ಕೇಳಿದೆ. ಡೋಲಿ ಕಟ್ಟುವವನನ್ನು ಯಾರೂ ಹಾಗೆ ಕೇಳಿಲ್ಲ. ಗಟ್ಟಿ ಐತೇನು, ಮೆರವಣಿಗೆ ತಡೀತೈತೇನು ಎಂದು ಕೇಳುತ್ತಾರೆ. ನಾವು ಅದನ್ನು ಕಟ್ಟುತ್ತೇವೆ, ಅದರ ಮುಂದೆ ಅಳುತ್ತೇವೆ, ದಿನ ತುಂಬಿದ ಮೇಲೆ ನೀರಿಗೆ ಕಳಿಸಿ ಮನೆಗೆ ಬಂದು ಸ್ನಾನ ಮಾಡುತ್ತೇವೆ. ನೀವೂ ಸಗಣಿಯ ಪಾಂಡವರನ್ನು ಇಟ್ಟುಕೊಳ್ಳುವುದಿಲ್ಲ, ಒಣಗಿಸಿ ಒಲೆಗೆ ಹಾಕುತ್ತೀರಿ. ನೀನು ಯಾರನ್ನೂ ಕಳಿಸದೆ ಗೂಡಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದೀ. ಗಂಗಾಧರ ಹೇಳಿದ್ದು ನನಗೆ ತಿಳಿಯದು. ನನಗೆ ತಪ್ಪು ಅನ್ನಿಸುವುದು ಅದೊಂದೇ.

ಕೈ ಮಾಡಬೇಡ. ಕೈ ಚಾಚಿದ ಹಾಗೆ ಮಾಡುತ್ತೇನೆ ಎಂದು ನೀನು ಬರೆದಿದ್ದನ್ನು ಅಫ್ರೀನ್ ಗಟ್ಟಿಯಾಗಿ ಓದುವಾಗ ತಾಯಿಯೂ ಕೇಳಿಸಿಕೊಂಡಳು. ಅವತ್ತಿನಿಂದ ಜೀಪಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಾಳೆ.

ರಹಿಮಾನ್


ಕೊಟ್ಟೂರು
27 ಡಿಸೆಂಬರ್ 2025

ರಹಿಮಾನ್,

ಎರಡೂ ಪತ್ರ ಓದಿದೆ. ಕ್ಷಮಿಸು ಎಂದು ಬರೆದರೆ ಅದೂ ಮತ್ತೆ ನನ್ನ ಬಗ್ಗೆಯೇ ಬರೆದ ಹಾಗಾಗುತ್ತದೆ.

ನನಗೆ ಹೇಗೆ ಗೊತ್ತಾಯಿತು ಎಂದು ತಂಗಿ ಕೇಳಿದಳಲ್ಲ. ನನಗೆ ಏನೂ ಗೊತ್ತಿರಲಿಲ್ಲ. ನಿನ್ನ ಮಗ ಅಲ್ಲಿದ್ದಾನೆಂದು ಗೊತ್ತಿದ್ದರೆ ಕಳಿಸುತ್ತಿದ್ದೆನೇ? ಆದರೆ ಒಂದನ್ನು ಮುಚ್ಚಿಟ್ಟಿದ್ದೇನೆ. ಮುಖ ಮಾಡಲು ಬರುವುದಿಲ್ಲ, ಅದಕ್ಕೆ ಕಾಲು ಮಾತ್ರ ಮಾಡಿದೆ ಎಂದು ಬರೆದಿದ್ದೆ. ಅದು ಸುಳ್ಳು.

ಶಿವಲೀಲಾ ನಿದ್ದೆಯಲ್ಲಿ ಹೋದಳು ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೂ ಹೇಳಿದ್ದೇನೆ. ಅವಳು ಹೋದದ್ದು ಬೆಳಗ್ಗೆ, ಅಡುಗೆಮನೆಯಲ್ಲಿ. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಅಲ್ಲಿಂದ ಬಾಗಿಲಲ್ಲಿ ಅವಳ ಕಾಲು ಮಾತ್ರ ಕಾಣುತ್ತಿದ್ದವು. ಕಟ್ಟೆಯ ಕೆಳಗೆ ಮಲಗಿಕೊಂಡು ಏನೋ ಹುಡುಕುತ್ತಿದ್ದಾಳೆ ಎಂದುಕೊಂಡೆ. ಒಂದು ಸಲ, ಸಿಕ್ಕಿತೇನು ಎಂದು ಕೂಗಿ ಕೇಳಿದೆ ಕೂಡ. ಪೇಪರ್ ಪೂರ್ತಿ ಓದಿದೆ. ಯುದ್ಧದ ಪುಟವನ್ನೂ. ಒಂದು ಗಂಟೆಯ ಮೇಲಾದ ಬಳಿಕ ಚಹಾ ಕೇಳಲು ಎದ್ದೆ.

ಡಾಕ್ಟರು ತಕ್ಷಣ ನೋಡಿದ್ದರೆ ಉಳಿಯುತ್ತಿದ್ದರೋ ಏನೋ ಎಂದರು. ಆ 'ಏನೋ'ದಲ್ಲಿ ನಾನು ಇದ್ದೇನೆ.

ಆ ಕಾಲುಗಳು ಅವಳವು. ನಾನು ಮಾಡಿದ್ದು ಅವನ್ನೇ. ಮೇಲೆ ಜೀಪು ತಂದಿಟ್ಟು, ಯುದ್ಧ ಎಂದು ಹೆಸರಿಟ್ಟೆ. ನಿನ್ನ ಮಗನದಲ್ಲ ಎಂದು ತಂಗಿಗೆ ಹೇಳು. ಪೆಟ್ಟಿಗೆ ಸುಟ್ಟುಬಿಡು.

ಪಾಲಾಕ್ಷಪ್ಪ


ಹರಪನಹಳ್ಳಿ
22 ಜನವರಿ 2026

ಪಾಲಾಕ್ಷಪ್ಪನಿಗೆ ಸಲಾಂ.

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಪೆಟ್ಟಿಗೆ ಸುಡಲಿಲ್ಲ. ಶಿವಲೀಲಕ್ಕನ ಕಾಲುಗಳು ಎಂದು ಮುನ್ನೀ ಬೀಗೆ ಹೇಳಿದೆ. ಅವಳು, ಹಾಗಾದರೆ ಅವರಿಗೂ ಚಳಿಯೇ ಅಲ್ಲವೇ ಎಂದಳು. ಬಟ್ಟೆ ತೆಗೆಯಲಿಲ್ಲ.

ಜನವರಿ ಒಂಬತ್ತಕ್ಕೆ ಫೋನ್ ಬಂತು. ಹೈದರಾಬಾದಿನಿಂದ, ಯಾರದೋ ಫೋನಿನಿಂದ. ಮಾತಾಡಿದ್ದು ಅವನಲ್ಲ, ಅವನು ಬರೆದುಕೊಟ್ಟ ನಂಬರು ನೋಡಿ ಬೇರೆ ಯಾರೋ. ತೌಹೀದ ಹನ್ನೆರಡಕ್ಕೆ ಮನೆಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಟವೆಲ್. ಮೈ ಮೇಲೆ ಗಾಯವಿಲ್ಲ.

ಆಗಲೇ ನಿನಗೆ ಬರೆಯಬೇಕಿತ್ತು. ಆದರೆ ಬಂದವನು ಪೂರ್ತಿ ಬಂದಿರಲಿಲ್ಲ. ಉಂಡರೆ ಉಂಡ, ಕರೆದರೆ ತಿರುಗಿದ. ಮಾತು ಒಂದೂ ಇಲ್ಲ. ತಾಯಿ ಮುಖ ಹಿಡಿದುಕೊಂಡು ಕೇಳಿದರೂ ಇಲ್ಲ. ಡಾಕ್ಟರು ಬಾಯಿ, ಗಂಟಲು, ಕಿವಿ ನೋಡಿ ಎಲ್ಲ ಸರಿ ಇದೆ ಎಂದರು. ಅವನು ಬರುವ ದಿನ ಪೆಟ್ಟಿಗೆಯನ್ನು ನಾನೇ ಅಟ್ಟಕ್ಕೆ ಹಾಕಿದ್ದೆ.

ಹದಿನೇಳಕ್ಕೆ ಅಫ್ರೀನ್ ಯಾವುದೋ ಪಾತ್ರೆ ತೆಗೆಯಲು ಹೋಗಿ ಅದನ್ನೂ ಕೆಳಗಿಳಿಸಿದ್ದಳು. ನಾನು ಒಳಗೆ ಬಂದಾಗ ಅವನು ನೆಲದ ಮೇಲೆ ಬೋರಲಾಗಿ ಮಲಗಿ, ಜೀಪಿನ ಕೆಳಗೆ ನೋಡುತ್ತಿದ್ದ. ಕಸಿದುಕೊಳ್ಳೋಣ ಎಂದು ಬಗ್ಗಿದೆ.

"ಅಬ್ಬಾ, ಈ ಜಾಕು ಯಾರು ಕೊಟ್ಟಿದ್ದು?" ಎಂದ.

ಎಂಬತ್ತೊಂದು ದಿನದ ಮೇಲೆ ಕೇಳಿದ ದನಿ. ಪಾಲಾಕ್ಷಿ ಕಾಕಾ ಮಾಡಿದ್ದಪ್ಪಾ ಎಂದೆ. ಅವನು ಬೆರಳಿನಿಂದ ಜಾಕನ್ನು ತೋರಿಸಿದ. "ಚಾಸಿ ತುದಿಗೆ ಕೊಟ್ಟಾರ, ಜಾರ್ತೈತಿ ಇದು. ಜಾಕು ಜಾರಿದ್ರ ಗಾಡಿ ಹೊರೋ ಸ್ಟ್ಯಾಂಡ್ ಎಲ್ಲಿ? ಸ್ಟ್ಯಾಂಡ್ ಇಡದ ಯಾವನಾರ ಗಾಡಿ ಕೆಳಗ ಹೋಗ್ತಾನೇನು?" ಎಂದ. ಸಿಟ್ಟಿನಲ್ಲಿದ್ದ. "ಇದ್ರೀಸ್ ಭಾಯಿ ಎರಡು ಸ್ಟ್ಯಾಂಡ್ ಇಟ್ಟು, ಅಲ್ಲಾಡ್ಸಿ ನೋಡಿ ಹೋಗಿದ್ದ. ಇದನ್ನ ನೋಡ್ದೋರು ಇವ ತನ್ನ ತಪ್ಪಿಲೆ ಸತ್ತ ಅಂತಾರ. ಅವನು ಭಾಳ ಹುಷಾರ್ ಮನಷ್ಯ ಇದ್ದ."

ಆಮೇಲೆ ನಿಲ್ಲಲಿಲ್ಲ. ಇದ್ರೀಸ್ ಅದೇ ಗ್ಯಾರೇಜಿನವನು, ಬೇರೆ ದೇಶದವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಬೋಲ್ಟು ತಿರುಗಿಸುವ ಪಾನಾದ ನಂಬರುಗಳಲ್ಲಿ ಮಾತಾಡುತ್ತಿದ್ದರಂತೆ. ಬಾಂಬ್ ಬಿದ್ದ ಆ ಬೆಳಗ್ಗೆ ಗಾಡಿಯ ಕೆಳಗೆ ಹೋಗುವ ಪಾಳಿ ತೌಹೀದನದು. ಇದ್ರೀಸ್ ಅವನನ್ನು ರೊಟ್ಟಿ ತರಲು ಕಳಿಸಿ ತಾನು ಹೋದ. ರೊಟ್ಟಿ ತರುವಷ್ಟರಲ್ಲಿ ಗೋಡೆ ಇರಲಿಲ್ಲ. ಇವನು ಆ ಕಾಲುಗಳನ್ನು ಹಿಡಿದುಕೊಂಡು ಕೂತಿದ್ದನಂತೆ, ಯಾರೋ ಎಳೆದು ಲಾರಿಗೆ ಹಾಕುವ ತನಕ. ಬಿಸಿ ಇದ್ದವು ಎಂದ. ಗಡಿಯ ಹತ್ತಿರ ಗುಡಾರದಲ್ಲಿ ಎರಡು ತಿಂಗಳು ಇದ್ದಾಗಲೂ ಯಾರೊಂದಿಗೂ ಮಾತಾಡಿಲ್ಲ.

ಎಲ್ಲ ಹೇಳಿ, "ಕಾಲು ಮಾತ್ರ ಬರೋಬ್ಬರಿ ಅದಾವ. ಕಾಕಾ ನೋಡ್ಯಾನೇನು?" ಎಂದು ಕೇಳಿದ. ನೋಡ್ಯಾನ ಎಂದೆ. ಅವು ಯಾರ ಕಾಲೆಂದು ಹೇಳಲಿಲ್ಲ. ಹೇಳುವುದಿದ್ದರೆ ನೀನೇ ಹೇಳು.

ಮರುದಿನ ನನ್ನೊಂದಿಗೆ ಅಂಗಡಿಗೆ ಬಂದು ತಗಡು ಕತ್ತರಿಸಿ ಎರಡು ಪುಟ್ಟ ಸ್ಟ್ಯಾಂಡ್ ಮಾಡಿದ. ಜಾಕನ್ನು ಆಕ್ಸಲ್ ಕೆಳಗೆ ಸರಿಸಿದ. ಪೆಟ್ಟಿಗೆಯ ತಳದಲ್ಲಿ ಇದ್ರೀಸನ ಹೆಸರು ಬರೆದಿದ್ದಾನೆ. ಈಗ ನಿನಗೆ ಅದು ವಾಪಸ್ ಬೇಕಿದ್ದರೆ ನನ್ನನ್ನಲ್ಲ, ಅವನನ್ನು ಕೇಳಬೇಕು.

ಒಂದು ಕೆಲಸವಿದೆ. ಇದ್ರೀಸನ ತಾಯಿ ಇದ್ದಾಳಂತೆ. ಅವಳಿಗೆ ಇನ್ನೂ ತಿಳಿದಿಲ್ಲ, ತಿಳಿಸುವವರು ಯಾರೂ ಉಳಿದಿಲ್ಲ. ಹೈದರಾಬಾದಿನ ಒಬ್ಬರು ಪತ್ರ ಮುಟ್ಟಿಸುತ್ತೇವೆ ಎಂದಿದ್ದಾರೆ, ಇಂಗ್ಲಿಷಿನಲ್ಲಿ ಇರಬೇಕಂತೆ. ನಮಗೆ ಗೊತ್ತಿರುವ ಇಂಗ್ಲಿಷಿನವನು ನೀನೊಬ್ಬ. ಎರಡು ಸ್ಟ್ಯಾಂಡ್ ಇಟ್ಟಿದ್ದ ಎಂಬುದನ್ನು ತಪ್ಪದೆ ಬರೆಯಬೇಕಂತೆ, ತೌಹೀದ ಮೂರು ಸಲ ಹೇಳಿದ್ದಾನೆ.

ಈಗ ಫೋನ್ ಮಾಡಬಹುದು.

ರಹಿಮಾನ್


ಕೊಟ್ಟೂರು
2 ಫೆಬ್ರುವರಿ 2026

ರಹಿಮಾನ್,

ಫೋನ್ ಮಾಡಬಹುದು ಎಂದು ಬರೆದಿದ್ದೀ. ಎರಡು ಸಲ ನಂಬರ್ ಒತ್ತಿ ಬಿಟ್ಟೆ. ತೌಹೀದ ಎತ್ತಿದರೆ ಆ ಕಾಲುಗಳ ವಿಷಯ ಹೇಳಬೇಕಾಗುತ್ತದೆ. ಹೇಳುತ್ತೇನೆ, ಎದುರಿಗೆ ಕೂತು. ಮೊಣಕಾಲು ಏನಾದರೂ ಆಗಲಿ, ಗುರುವಾರ ಬರುತ್ತೇನೆ.

ನಿನ್ನೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಗಂಗಾಧರ ಜನವರಿಯಲ್ಲೇ ಫೋನ್ ಮಾಡಿ, ಆ ಕಾಲು ತನ್ನ ಕಣ್ಣಿನಿಂದ ಹೋಗುತ್ತಿಲ್ಲ, ತನ್ನದೇ ತಪ್ಪು, ಅದು ಕಲೆಯೇ, ಅದೊಂದನ್ನು ತಂದುಬಿಡಿ, ನಡುವಿನ ಟೇಬಲ್ ಇಟ್ಟಿರುತ್ತೇನೆ ಎಂದಿದ್ದ. ಅವನ ಬಾಯಿಂದ ಕಲೆ ಎಂಬ ಮಾತು ಬರಲಿ ಎಂದು ಎರಡು ತಿಂಗಳು ಕಾದವನು ನಾನು. ಬಂತು. ಹೊಟ್ಟೆ ತುಂಬಲಿಲ್ಲ. ಪೆಟ್ಟಿಗೆಯಿಲ್ಲದೆ ಬಂದವನನ್ನು ನೋಡಿ ಅವನು ಮುಖ ಸಣ್ಣದು ಮಾಡಿಕೊಂಡ. ನಿಯಮದ ಪ್ರಕಾರ ಹಿಂದಕ್ಕೆ ಪಡೆಯುವ ಅರ್ಜಿ ತುಂಬಬೇಕೆಂದ. ಕಲಾಕೃತಿಯ ಹೆಸರು ಎಂಬಲ್ಲಿ, ನವೆಂಬರಿನಲ್ಲಿ ನಾನೇ ಬರೆದುಕೊಟ್ಟಿದ್ದ 'ವಾರ್, ಎ ಸ್ಟಡಿ' ಎಂದಿತ್ತು. ಹೊಡೆದು ಹಾಕಿ ಇದ್ರೀಸ್ ಎಂದು ಬರೆದೆ. ಕಾರಣ ಎಂಬಲ್ಲಿ, ವಾರಸುದಾರರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದು ಬರೆದೆ.

ಅವನು ಓದಿ ಅರ್ಜಿ ಮಡಚಿಟ್ಟ. "ಟೇಬಲ್ ಖಾಲಿ ಇರ್ಲಿ ಬಿಡ್ರಿ ಸರ, ಬ್ಯಾರೆದು ಇಡಲ್ಲ" ಎಂದ. ಸಂಜೆಯವರೆಗೂ ಖಾಲಿಯೇ ಇತ್ತು. ಜನ ಅದರ ಸುತ್ತ ಹೋಗುವಾಗ ಸ್ವಲ್ಪ ದೂರ ಸರಿದು ಹೋಗುತ್ತಿದ್ದರು, ಯಾಕೋ.

ಆ ತಾಯಿಗೆ ಪತ್ರ ಬರೆಯಲು ಕೂತು ಒಂಬತ್ತು ದಿನವಾಯಿತು. ನನ್ನ ಇಂಗ್ಲಿಷ್ ಎಷ್ಟೆಂದು ಈಗ ತಿಳಿಯಿತು. ಸ್ಟ್ಯಾಂಡ್ ಇಟ್ಟಿದ್ದ ಎಂಬುದು ಬರುತ್ತದೆ. ರೊಟ್ಟಿಗೆ ಕಳಿಸಿ ತಾನು ಹೋದ ಎಂಬುದೂ ಡಿಕ್ಷನರಿ ಹಿಡಿದರೆ ಬರುತ್ತದೆ. ಕಾಲು ಹಿಡಿದುಕೊಂಡು ಒಬ್ಬ ಕೂತಿದ್ದ, ನಿನ್ನ ಮಗ ಒಬ್ಬನೇ ಇರಲಿಲ್ಲ ಎಂಬುದನ್ನು ಸಣ್ಣ ಸಣ್ಣ ಶಬ್ದಗಳಲ್ಲಿ ಹೇಗೋ ಬರೆದೇನು. ಮೇಲುಗಡೆ ಮಾತ್ರ 'ಡಿಯರ್' ಎಂದು ಬರೆದು ನಿಂತಿದೆ. ಮ್ಯಾಡಮ್ ಎಂದು ಹಾಕಿದೆ, ಹೊಡೆದೆ. ಮದರ್ ಎಂದು ಹಾಕಿದೆ, ನನಗೆ ಆ ಹಕ್ಕಿಲ್ಲ ಅನ್ನಿಸಿತು.

ತೌಹೀದನನ್ನು ಕೇಳು. ಪಾನಾ ನಂಬರುಗಳ ನಡುವೆ ಯಾವಾಗಲಾದರೂ ಇದ್ರೀಸ್ ತಾಯಿಯ ಹೆಸರು ಹೇಳಿದ್ದನೇ? ನಾನು ಬರುವುದರೊಳಗೆ ನೆನಪು ಮಾಡಿಕೊಳ್ಳಲು ಹೇಳು.

ಪಾಲಾಕ್ಷಪ್ಪ